ನನ್ನ ಕೆಮ್ಮಿನ ಚಾಡಿ ಹೇಳಿದವರು

ಅವರ ಬಲಗೈಯ ನಾಲ್ಕು ಬೆರಳೂ ಕಿರುಬೆರಳಿನ ಕಡೆಗೆ ವಾಲಿಕೊಂಡಿದ್ದವು. ಬುಡದ ಗೆಣ್ಣುಗಳು ಊದಿ, ಅಲ್ಲಿನ ಚರ್ಮ ಮಿರಮಿರ ಮಿಂಚುತ್ತಿತ್ತು. ಹೆಬ್ಬೆರಳೊಂದೇ ನೆಟ್ಟಗಿತ್ತು, ಅದಕ್ಕೆ ಬಿಡುವೂ ಇರಲಿಲ್ಲ. ಕುರ್ಚಿಯ ಕೈ, ಡ್ರಿಪ್ ಸ್ಟ್ಯಾಂಡಿನ ಕಂಬ, ಸ್ಟೀಲ್ ಲೋಟದ ಅಂಚು, ಸಿಕ್ಕಿದ್ದರ ಮೇಲೆಲ್ಲ ಅದನ್ನು ಮೆಲ್ಲಗೆ ಓಡಿಸಿ ನೋಡುತ್ತಿದ್ದರು. "ಫಿನಿಶಿಂಗ್ ಸರಿಯಾಗಿ ಕೊಟ್ಟಿಲ್ಲ ನೋಡಿ ಟೀಚರಮ್ಮ, ಕೈಗೆ ಹತ್ತುತ್ತೆ" ಎಂದು ಲೋಟವನ್ನು ನನ್ನ ಕಡೆ ಚಾಚುತ್ತಿದ್ದರು. ಮುಟ್ಟಿ ನೋಡಿದರೆ ನನಗೇನೂ ಹತ್ತುತ್ತಿರಲಿಲ್ಲ. ಆದರೂ ಹೌದು ಅನ್ನುತ್ತಿದ್ದೆ.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಮೂವತ್ತು ವರ್ಷ ಲೋಹ ಕಡೆಯುವ ಲೇಥ್ ಮೆಷಿನ್ ಮುಂದೆ ನಿಂತಿದ್ದ ಟರ್ನರ್ ಅವರು. ನಾನು ಹೊಸಹಳ್ಳಿಯ ಕಡೆ ಒಂದು ಖಾಸಗಿ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳುವವಳು. ನಮ್ಮಿಬ್ಬರನ್ನೂ ಪಕ್ಕಪಕ್ಕ ಕೂರಿಸಿದ್ದು ಸಂಧಿವಾತ. ಎರಡು ತಿಂಗಳಿಗೊಮ್ಮೆ ಆಸ್ಪತ್ರೆಯ ಮೊದಲನೇ ಮಹಡಿಯಲ್ಲಿ, ಒರಗು ಕುರ್ಚಿಗಳಲ್ಲಿ, ಕೈಗೆ ಸೂಜಿ ಚುಚ್ಚಿಸಿಕೊಂಡು ಎರಡು ಗಂಟೆ ಡ್ರಿಪ್ ಇಳಿಯುವುದನ್ನೇ ನೋಡುತ್ತಾ ಕೂರಬೇಕು. ಅವರದು ಕಿಟಕಿ ಪಕ್ಕದ ಕುರ್ಚಿ, ನನ್ನದು ಅದರ ಪಕ್ಕದ್ದು. ಎರಡು ವರ್ಷ ಹಾಗೆ ಕೂತೆವು. ನಾನು ಯಜಮಾನ್ರೇ ಅಂದೆ, ಅವರು ಟೀಚರಮ್ಮ ಅಂದರು. ಅದಕ್ಕಿಂತ ಹೆಚ್ಚಿನ ಹೆಸರು ಇಬ್ಬರಿಗೂ ಬೇಕಾಗಲಿಲ್ಲ.

ಆ ಔಷಧಿಯ ಡಬ್ಬಿಯೊಳಗೆ ಒಂದು ಹಾಳೆ ಮಡಿಸಿಟ್ಟಿರುತ್ತಾರೆ. ಬಿಚ್ಚಿದರೆ ಟವೆಲ್‌ನಷ್ಟಗಲ, ಅಕ್ಷರವೋ ಸೊಳ್ಳೆಕಾಲು. ನಾವೆಲ್ಲ ಬಿಚ್ಚದೆಯೇ ಬಿಸಾಕುತ್ತೇವೆ. ಇವರು ನರ್ಸ್ ಹತ್ತಿರ ಕೇಳಿ ಇಸಕೊಂಡು, ಭೂತಗನ್ನಡಿ ಹಿಡಿದು ಕೂತಿದ್ದರು. "ಹೊಸ ಮೆಷಿನ್ ಬಂದ್ರೆ ಮೊದ್ಲು ಅದರ ಪುಸ್ತಕ ಓದ್ಬೇಕು ಟೀಚರಮ್ಮ. ಓದ್ದೆ ಸ್ವಿಚ್ ಹಾಕಿ ಬೆರಳು ಕಳ್ಕೊಂಡೋರನ್ನ ನೋಡಿದೀನಿ" ಅಂದರು. ಅಲ್ಲಿದ್ದ ಇಂಗ್ಲಿಷು ಅವರಿಗೆ ಕಷ್ಟ. ನನಗೂ ಹೊತ್ತು ಹೋಗಬೇಕಲ್ಲ, ಸಲಕ್ಕೆ ಒಂದೆರಡು ಪ್ಯಾರಾ ಓದಿ ಕನ್ನಡದಲ್ಲಿ ಹೇಳುವುದನ್ನು ನಾನು ಹೊತ್ತುಕೊಂಡೆ. ಪಾಠ ಹೇಳುವ ಚಟ ನನ್ನದು, ಎಲ್ಲಿ ಹೋದರೂ ಬಿಡುವುದಿಲ್ಲ.

ಮೈಯೊಳಗೆ ರೋಗಾಣು ಹೊಕ್ಕರೆ ಒಂದು ಜೀವಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಕೆಲವು ಪ್ರೋಟೀನುಗಳನ್ನು ಕಳಿಸುತ್ತದೆ, ಟಿಎನ್‌ಎಫ್ ಅನ್ನುವುದು ಅಂಥದ್ದೊಂದು ಎಂದೆ. ನಮ್ಮಂಥವರ ಕೀಲುಗಳಲ್ಲಿ ಅದು ಕಾರಣವೇ ಇಲ್ಲದೆ ಸುರಿಯುತ್ತಿರುತ್ತದೆ, ಸುದ್ದಿ ನಂಬಿ ಓಡಿ ಬಂದ ಸೈನ್ಯ ಕೀಲನ್ನೇ ಕೆಡವುತ್ತದೆ, ಈ ಡ್ರಿಪ್ ಆ ಟಿಎನ್‌ಎಫನ್ನು ಹಿಡಿದು ಹಾಕುತ್ತದೆ ಎಂದೂ ಹೇಳಿದೆ. "ಬೇಲಿನೇ ಎದ್ದು ಹೊಲ ಮೇಯ್ದ ಹಾಗೆ" ಎಂದು ಸೇರಿಸಿದೆ.

"ಹೊಲ ಗಿಲ ನಂಗೊತ್ತಿಲ್ಲ, ನಾನು ಹುಟ್ಟಿ ಬೆಳೆದಿದ್ದೆಲ್ಲ ಕುರುಬರಹಳ್ಳೀಲೆ. ಫ್ಯಾಕ್ಟ್ರಿ ಸೈರನ್ ಅನ್ನಿ, ಅರ್ಥ ಆಗುತ್ತೆ. ಬೆಂಕಿ ಇಲ್ದೇನೇ ಹೊಡ್ಕೊತಾ ಇದೆ. ಜನ ಓಡ್ಬಂದು ಮೆಷಿನ್ ಮೇಲೆ ನೀರು ಹುಯ್ತಾ ಇದಾರೆ."

"ಅದೇ."

"ಸರಿ, ಸೈರನ್ ಬಾಯಿ ಕಟ್ಟಿದ್ವಿ. ನಿಜವಾಗ್ಲೂ ಬೆಂಕಿ ಬಿದ್ರೆ?"

ಬೇರೆ ಏನಾದರೂ ವ್ಯವಸ್ಥೆ ಇರುತ್ತೆ ಬಿಡಿ ಅಂದೆ. ಉತ್ತರ ಆ ಹಾಳೆಯಲ್ಲೇ ಇತ್ತು, ಮುಂದಿನ ಸಲ ಸಿಕ್ಕಿತು. ಮೈಯಲ್ಲಿ ಎಲ್ಲೋ ಅಡಗಿ ಕೂತ ಕ್ಷಯದ ರೋಗಾಣುವಿನ ಸುತ್ತ ಗೋಡೆ ಕಟ್ಟಿ ಕಾಯುವುದೂ ಇದೇ ಟಿಎನ್‌ಎಫ್ ಅಂತೆ. ಔಷಧಿ ಅದನ್ನು ಹಿಡಿದು ಹಾಕಿದರೆ ಗೋಡೆ ಸಡಿಲವಾಗಬಹುದು. ಬಿಡದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಿ. ಇದನ್ನು ನನ್ನ ಬಾಯಾರೆ ನಾನೇ ಓದಿ ಹೇಳಿದೆ. ಅವರು ಎರಡು ಸಲ ಹೇಳಿಸಿಕೊಂಡರು.

ಅವತ್ತು ಮನೆಗೆ ಬಂದವಳಿಗೆ ತಲೆಯೆಲ್ಲ ಕಲಸುಮೇಲೋಗರ. ಹದಿನೈದು ವರ್ಷದಿಂದ ಮಕ್ಕಳಿಗೆ ಬೋರ್ಡಿನ ಈ ಕಡೆ ಶತ್ರು, ಆ ಕಡೆ ಸೈನಿಕ ಎಂದು ಗೆರೆ ಎಳೆದು ಹೇಳಿಕೊಂಡು ಬಂದವಳು ನಾನು. ಈ ಟಿಎನ್‌ಎಫ್ ಗೆಣ್ಣಿನಲ್ಲಿ ಕಳ್ಳ, ಶ್ವಾಸಕೋಶದಲ್ಲಿ ಕಾವಲುಗಾರ, ಪೂರ್ತಿ ಹೆಸರು ನೋಡಿದರೆ ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್, ಗಡ್ಡೆ ಕೊಲ್ಲುವುದು ಅಂತ. ಇದನ್ನು ಗೆರೆಯ ಯಾವ ಕಡೆ ಬರೆಯಲಿ? ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ, ಕೇಳಿದ ಮಕ್ಕಳಿಗೆ ಏನೋ ಒಂದು ಹೇಳಿ ಮುಂದೆ ಹೋಗುತ್ತೇನೆ.

ಒಂದು ಸಲ ಅವರು ನನಗೆ ಚಾಕ್ ಹಿಡಿಯಲು ಒಂದು ಕೊಳವೆ ತಂದುಕೊಟ್ಟರು. ಹಳೆಯ ಸ್ನೇಹಿತರ ವರ್ಕ್‌ಶಾಪಿಗೆ ಹೋಗಿ, ಆ ವಾಲಿದ ಬೆರಳಲ್ಲೇ ಲೇಥ್ ಹಿಡಿದು, ದಪ್ಪ ನೈಲಾನ್ ಕಡ್ಡಿಯನ್ನು ಕೊರೆದು ಮಾಡಿದ್ದರು. "ಸಣ್ಣದು ಹಿಡಿಯೋಕೆ ಜಾಸ್ತಿ ಜೋರು ಬೇಕು, ದಪ್ಪ ಇದ್ರೆ ಕೈ ಸುಲಭ" ಅಂದರು. ಅದನ್ನು ಹಿಡಿದರೆ ನಿಜವಾಗಿಯೂ ಒಂದು ಪೀರಿಯಡ್ ಪೂರ್ತಿ ಬರೆಯಬಹುದಿತ್ತು. ನನಗೆ ಥ್ಯಾಂಕ್ಸ್ ಹೇಳಲು ಬಾರದು. "ಬಣ್ಣ ಚೆನ್ನಾಗಿಲ್ಲ" ಅಂದೆ. ಅವರು ನಕ್ಕರು.

ಆಮೇಲಿನ ಚಳಿಗಾಲದಲ್ಲಿ ನನಗೆ ಕೆಮ್ಮು ಹಿಡಿಯಿತು. ಮೂರು ವಾರವಾದರೂ ಬಿಡಲಿಲ್ಲ. ಸಂಜೆ ಮೈ ಬೆಚ್ಚಗಾಗುತ್ತಿತ್ತು. ಚಳಿ, ಧೂಳು, ಮೆಟ್ರೋ ಏಸಿ ಎಂದುಕೊಂಡೆ. ಅದೇ ಹೊತ್ತಿಗೆ ಇನ್ನೊಂದು ಶಾಲೆಯಲ್ಲಿ ಕಾಯಂ ಕೆಲಸಕ್ಕೆ ನನ್ನನ್ನು ಕರೆದಿದ್ದರು. ಮುಂದಿನ ಸೋಮವಾರ ಮಕ್ಕಳ ಮುಂದೆ ಪಾಠ ಮಾಡಿ ತೋರಿಸಬೇಕು. ಡ್ರಿಪ್ ತಪ್ಪಿದರೆ ಮಣಿಕಟ್ಟು ಊದಿ ಚಾಕ್ ಹಿಡಿಯುವುದಿರಲಿ, ತುತ್ತು ಕಲಸುವುದೂ ಕಷ್ಟ. ಕೆಮ್ಮು ಎಂದರೆ ಡ್ರಿಪ್ ನಿಲ್ಲಿಸುತ್ತಾರೆ. ಆದ್ದರಿಂದ ಕೆಮ್ಮು ಇಲ್ಲ ಎಂದು ತೀರ್ಮಾನ ಮಾಡಿದೆ.

ಸೂಜಿ ಚುಚ್ಚುವ ಮೊದಲು ನರ್ಸ್ ಎಂದಿನಂತೆ ಕೇಳಿದಳು. "ಜ್ವರ, ಕೆಮ್ಮು, ಏನಾದ್ರೂ ಇದ್ಯಾ ಮೇಡಂ?"

"ಏನೂ ಇಲ್ಲ" ಅಂದೆ.

"ಇದೆ ಸಿಸ್ಟರ್" ಎಂದರು ಪಕ್ಕದ ಕುರ್ಚಿಯಿಂದ. "ಹೊರಗೆ ಕೂತಿದ್ದಾಗ ಕೆಮ್ಮೀ ಕೆಮ್ಮೀ ಸಾಕಾಗಿ ಹೋದ್ರು. ಮೂರು ವಾರದಿಂದ ಹೀಗೇ ಅಂತ ಮನೆಗೆ ಫೋನಲ್ಲಿ ಹೇಳ್ತಿದ್ರು. ಸಣ್ಣ ಬೇರೆ ಆಗಿದಾರೆ."

ನನಗೋ ಮೂಗಿನ ತುದಿಯಲ್ಲೇ ಕೋಪ. "ನಿಮ್ಮ ಕೆಲಸ ನೀವು ನೋಡ್ಕೊಳಿ ಯಜಮಾನ್ರೇ, ನನ್ನ ಅನ್ನಕ್ಕೆ ಯಾಕೆ ಕಲ್ಲು ಹಾಕ್ತೀರ" ಎಂದು ಎಲ್ಲರ ಎದುರಿಗೇ ಅಂದುಬಿಟ್ಟೆ. ಅವರು ಕಣ್ಣು ಕೆಳಗೆ ಹಾಕಿದರು. "ನೀವೇ ಓದಿ ಹೇಳಿದ್ದಲ್ವಾ ಟೀಚರಮ್ಮ" ಎಂದಷ್ಟೇ ಹೇಳಿದರು. ನರ್ಸ್ ಡಾಕ್ಟರನ್ನು ಕರೆದಳು, ಡಾಕ್ಟರು ಡ್ರಿಪ್ ನಿಲ್ಲಿಸಿ ಎಕ್ಸ್‌ರೇಗೂ ಕಫ ಪರೀಕ್ಷೆಗೂ ಬರೆದುಕೊಟ್ಟರು. ನಾನು ಯಜಮಾನರ ಕಡೆ ತಿರುಗಿಯೂ ನೋಡದೆ ಮೆಟ್ಟಿಲಿಳಿದೆ.

ವಾರದೊಳಗೆ ಗೊತ್ತಾಯಿತು, ಕ್ಷಯ. ಡ್ರಿಪ್ ಶುರು ಮಾಡುವ ಮೊದಲೇ ಕ್ಷಯಕ್ಕೆ ಪರೀಕ್ಷೆ ಮಾಡಿದ್ದರು, ಆಗ ಏನೂ ಕಂಡಿರಲಿಲ್ಲ. ಎಲ್ಲಿಂದ ಬಂತೋ, ಯಾವಾಗಿನಿಂದ ಕೂತಿತ್ತೋ ಡಾಕ್ಟರಿಗೂ ಖಚಿತವಿಲ್ಲ. "ಬೇಗ ಗೊತ್ತಾಗಿದ್ದು ಪುಣ್ಯ. ಅವತ್ತು ಡ್ರಿಪ್ ಹಾಕಿದ್ದರೆ ಕಷ್ಟ ಆಗ್ತಿತ್ತು" ಅಂದರು. ಕಾಯಂ ಕೆಲಸ ಬೇರೆಯವರಿಗೆ ಹೋಯಿತು. ನನ್ನ ತರಗತಿಯ ನಲವತ್ತು ಮಕ್ಕಳನ್ನೂ ಪರೀಕ್ಷೆಗೆ ಕಳಿಸಿದರು. ಮಕ್ಕಳ ರಿಪೋರ್ಟ್ ಬರುವವರೆಗೆ ನನಗೆ ಅನ್ನ ಇಳಿಯಲಿಲ್ಲ. ಒಬ್ಬರಿಗೂ ಏನೂ ಇರಲಿಲ್ಲ.

ಆ ವಾರವೇ ಯಜಮಾನರಿಗೆ ಫೋನ್ ಮಾಡಬೇಕಿತ್ತು. ನಂಬರು ಇತ್ತು. ಅವರೇ ಎರಡು ಸಲ ಮಾಡಿದ್ದರು. ಎರಡು ಸಲವೂ ಹೆಸರು ನೋಡಿ ಫೋನನ್ನು ಬೋರಲು ಹಾಕಿದೆ. ಮೊದಲನೇ ಸಲ ಸಿಟ್ಟು, ಅದು ನನಗೆ ಗೊತ್ತು. ಎರಡನೇ ಸಲ ಏನೆಂದು ಇವತ್ತಿಗೂ ಗೊತ್ತಿಲ್ಲ. ಅಷ್ಟು ಹೊತ್ತಿಗೆ ರಿಪೋರ್ಟ್ ಕೈಯಲ್ಲಿತ್ತು. ಯಾವ ಮುಖ ಇಟ್ಟುಕೊಂಡು ಮಾತಾಡಲಿ ಅಂತಲೋ, ಗೆದ್ದೆ ಅಂದುಕೊಂಡಾರು ಅಂತಲೋ. ಅವರು ಹಾಗೆ ಅಂದುಕೊಳ್ಳುವವರಲ್ಲ ಎಂದೂ ಗೊತ್ತಿತ್ತು. ಕ್ಷಯದ ಮಾತ್ರೆ ಮುಗಿಯಲಿ, ಎದುರಿಗೇ ಹೋಗಿ ಹೇಳೋಣ ಎಂದು ದಿನ ತಳ್ಳಿದೆ.

ಆರು ತಿಂಗಳ ಮಾತ್ರೆ ಮುಗಿಸಿ ಆಸ್ಪತ್ರೆಗೆ ಹೋದಾಗ ಕಿಟಕಿ ಪಕ್ಕ ಬೇರೆ ಯಾರೋ ಕೂತಿದ್ದರು. ಯಜಮಾನರು ಹೋಗಿ ಎರಡು ತಿಂಗಳಾಯಿತು ಎಂದು ನರ್ಸ್ ಹೇಳಿದಳು. ಹೃದಯ. ಬೆಳಗ್ಗೆ ಕಾಫಿ ಕುಡಿದು ಕೂತವರು ಏಳಲಿಲ್ಲವಂತೆ.

ಕುರುಬರಹಳ್ಳಿಯ ಅವರ ಮನೆ ಹುಡುಕಿಕೊಂಡು ಹೋದೆ. ಹೆಂಡತಿ ಬಾಗಿಲು ತೆಗೆದರು. ನಾನು ಯಾರೆಂದು ಹೇಳುವ ಮೊದಲೇ ನನ್ನ ಊದಿದ ಬೆರಳು ನೋಡಿ, "ಟೀಚರಮ್ಮ ಅಂದ್ರೆ ನೀವೇನಾ?" ಎಂದು ಕೇಳಿದರು. ಒಳಗೆ ಕರೆದು ಕೂರಿಸಿದರು.

"ನಿಮ್ದೇ ಯೋಚನೆ ಅವರಿಗೆ. ನಾನು ಬಾಯಿ ಬಿಡಬಾರದಿತ್ತೇನೋ, ಪಾಪ ಆ ಹೆಣ್ಮಗಳ ಕೆಲಸ ಕೆಡಿಸಿಬಿಟ್ಟೆ ಅಂತ ಕೊರಗ್ತಾನೇ ಇದ್ರು. ನೀವು ಫೋನೂ ಎತ್ತಲಿಲ್ಲ ನೋಡಿ. ಒಳ್ಳೇದಾಗಿದ್ರೆ ಟೀಚರಮ್ಮನೇ ಹೇಳ್ತಿರ್ಲಿಲ್ವಾ, ನಿಮಗ್ಯಾಕೆ ಬೇಕಿತ್ತು ಊರ ಉಸಾಬರಿ ಅಂತ ನಾನೂ ಬೈದೆ" ಎಂದರು. "ಆಮೇಲೆ ಏನಾದ್ರೂ ಸಿಕ್ತಾಮ್ಮ?" ಎಂದು ಕೇಳಿದರು.

ಎಲ್ಲ ಹೇಳಿದೆ. ಕ್ಷಯ ಸಿಕ್ಕಿದ್ದು, ಡಾಕ್ಟರು ಅಂದದ್ದು, ಮಕ್ಕಳಿಗೆ ಏನೂ ಆಗದೆ ಉಳಿದದ್ದು. ಯಜಮಾನರು ಹೇಳದಿದ್ದರೆ ನಾನು ಇಲ್ಲಿ ಕೂತಿರುತ್ತಿರಲಿಲ್ಲ ಎಂದೆ. ಹೇಳುತ್ತಾ ಅಳು ಬಂತು, ತಡೆಯಲಿಲ್ಲ.

ಅವರ ಹೆಂಡತಿ ಅಳಲಿಲ್ಲ. "ಹಾಗಾದ್ರೆ ಅವರು ಮಾಡಿದ್ದು ಸರೀನಾ?" ಎಂದು ಕೇಳಿದರು.

"ಸರಿ" ಎಂದೆ.

ಅವರು ಗೋಡೆಯ ಮೇಲಿನ ಫೋಟೋ ಕಡೆ ತಿರುಗಿ, "ಕೇಳಿಸ್ತೇನ್ರೀ, ಸರೀನೇ ಅಂತೆ" ಅಂದರು.