ಜೊಂಡಿನ ಮಡುವಿನ ಕಪ್ಪೆಗಳು ತಡಮಾಡಲಿಲ್ಲ

ಠಾಣಾ ಕುಶನೂರಿನ ಹಳ್ಳದಲ್ಲಿರುವ ಜೊಂಡಿನ ಮಡುವಿನ ಕಪ್ಪೆಗಳ ಮೇಲೆ ನಾನು ಸುಳ್ಳು ಆರೋಪ ಹೊರಿಸಿದೆ. ಅವು ವರ್ಷದಿಂದ ವರ್ಷಕ್ಕೆ ತಡವಾಗಿ ಕೂಗುತ್ತಿವೆ ಎಂದು ಊರ ಚಾವಡಿಯಲ್ಲಿ ಎದ್ದು ನಿಂತು ಹೇಳಿದೆ. ಕಪ್ಪೆಗಳು ನನ್ನ ಮೇಲೆ ಸಿಟ್ಟು ಇಟ್ಟುಕೊಂಡಿರಲಾರವು. ಆದರೆ ಆ ಒಂದು ಮಾತಿನಿಂದ ಅಗಸರ ಸಂಗಮ್ಮ ತನ್ನ ಒಗೆಯುವ ಕಲ್ಲನ್ನು ಕಳೆದುಕೊಂಡಳು. ಮಾತು ತಪ್ಪೆಂದು ಗೊತ್ತಾದ ಮೇಲೂ ನಾನು ಸುಮ್ಮನಿದ್ದೆ. ಮೊದಲನೆಯದು ದಡ್ಡತನ. ಎರಡನೆಯದಕ್ಕೆ — ಅದಕ್ಕೆ ಬೇರೆ ಹೆಸರಿದೆ, ಬರೆಯುತ್ತ ಹೋದಂತೆ ಬಂದೀತು.

ನಾನು ಆ ಊರಿನ ಸರಕಾರಿ ಶಾಲೆಯ ಮಾಸ್ತರ. ಪಾಠ ಉರ್ದುವಿನಲ್ಲಿ, ಹಾಜರಿ ಉರ್ದುವಿನಲ್ಲಿ, ರಜೆಯ ಅರ್ಜಿ ಉರ್ದುವಿನಲ್ಲಿ. ಕಚೇರಿಯ ತಾರೀಖು ಸರಕಾರದ ಫಸಲಿ ಸನದ್ದು. ಸಂಜೆ ನಾಲ್ಕಕ್ಕೆ ಶಾಲೆ ಬಿಟ್ಟ ಮೇಲೆ ಮಾತ್ರ ನಾನು ನನ್ನವನು. ಆಗ ಬಗಲಲ್ಲಿ ಒಂದು ದಪ್ಪ ವಹಿ ಇಟ್ಟುಕೊಂಡು ಹಳ್ಳಕ್ಕೆ ಹೋಗುತ್ತಿದ್ದೆ. ಹಳ್ಳ ಬೇಸಿಗೆಯಲ್ಲಿ ಬತ್ತುತ್ತದೆ, ಮಡು ಬತ್ತುವುದಿಲ್ಲ. ನಾಲ್ಕು ಹಗ್ಗದಷ್ಟು ಉದ್ದ, ಎರಡು ಹಗ್ಗದಷ್ಟು ಅಗಲ. ಒಂದು ಕಡೆ ಜೊಂಡು, ಇನ್ನೊಂದು ಕಡೆ ಗರಸುಕಲ್ಲಿನ ದಂಡೆ, ನಡುವೆ ಬಾನು ಬಿದ್ದುಕೊಂಡಿರುವ ನೀರು. ಅಲ್ಲಿ ಏನೇನು ಬರುತ್ತದೆ, ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ — ಎಲ್ಲವನ್ನೂ ಬರೆದೆ. ಮೀನಿನ ಮರಿ ಮೊದಲು ಕಂಡ ದಿನ, ಜೊಂಡು ಹೂಬಿಟ್ಟ ದಿನ, ಆಮೆ ಬಿಸಿಲಿಗೆ ಏರಿ ಕೂತ ದಿನ, ಉತ್ತರದಿಂದ ಬಾತುಗಳು ಇಳಿದ ದಿನ, ಮಳೆಗಾಲದ ಮೊದಲ ಕಪ್ಪೆ ಕೂಗಿದ ಸಂಜೆ. ಔರಾದ ತಾಲೂಕಿನಲ್ಲಿ ಅಂಥ ವಹಿ ಇನ್ನೊಂದಿರಲಿಲ್ಲ; ಬೀದರ ಜಿಲ್ಲೆಯಲ್ಲೂ ಇರಲಿಕ್ಕಿಲ್ಲ. ತಪ್ಪೊಪ್ಪಿಕೊಳ್ಳಲು ಕೂತವನು ಜಂಭ ಕೊಚ್ಚಬಾರದು, ಗೊತ್ತು. ಆದರೂ ಹೇಳುತ್ತೇನೆ — ಆ ವಹಿಯ ಬಗ್ಗೆ ನನಗೆ ಈಗಲೂ ಹೆಮ್ಮೆಯಿದೆ. ಅದರಲ್ಲಿ ಕಾಣದ್ದನ್ನು ಕಂಡೆನೆಂದು ಬರೆದ ಒಂದು ಸಾಲೂ ಇಲ್ಲ.

ಒಂದೇ ಒಂದು ಹಟ ಮಾಡಿದೆ. ದಿನವೆಲ್ಲ ಸರಕಾರದ ತಾರೀಖು ಬರೆದು ಬೇಸತ್ತವನಿಗೆ, ನನ್ನ ಮಡುವಿಗಾದರೂ ನಮ್ಮ ತಿಥಿ ಇರಲಿ ಅನ್ನಿಸಿತು. ಆದ್ದರಿಂದ ವಹಿಯಲ್ಲಿ ಪಂಚಾಂಗದ ಮಾಸ, ಪಕ್ಷ, ತಿಥಿ. ಕನ್ನಡ ಅಕ್ಷರ, ಕನ್ನಡ ಅಂಕಿ. ಇನ್ನು ಮಳೆಯನ್ನು ಬರೆಯಲಿಲ್ಲ. ಮಳೆಯನ್ನು ಎಲ್ಲರೂ ನೋಡುತ್ತಾರೆ. ಕಪ್ಪೆಯನ್ನು ನೋಡುವವನು ನಾನೊಬ್ಬನೇ ಎಂಬ ಭಾವ.

ಮೊದಲ ವರ್ಷ ಕಪ್ಪೆ ಕೂಗಿದ್ದು ಜ್ಯೇಷ್ಠ ಶುದ್ಧ ನವಮಿ. ಎರಡನೆಯ ವರ್ಷ ಜ್ಯೇಷ್ಠ ಬಹುಳ ಪಂಚಮಿ. ಮೂರನೆಯ ವರ್ಷ ಜ್ಯೇಷ್ಠವೇ ಮುಗಿದುಹೋಯಿತು. ಕಪ್ಪೆ ಬಾಯಿ ತೆರೆದದ್ದು ಆಷಾಢ ಶುದ್ಧ ಪಾಡ್ಯಕ್ಕೆ. ಮೀನಿನ ಮರಿಯೂ ತಡ, ಜೊಂಡಿನ ಹೂವೂ ತಡ. ವರ್ಷಕ್ಕೆ ಹತ್ತು ಹನ್ನೊಂದು ದಿನ — ತಪ್ಪದೆ, ಗಡಿಯಾರದ ಹಾಗೆ! ಮಡುವಿಗೆ ಏನೋ ರೋಗ ಬಡಿದಿದೆ, ಅದನ್ನು ಕಂಡುಹಿಡಿದವನು ನಾನು.

ರೋಗ ಅಂದ ಮೇಲೆ ಕಾರಣ ಬೇಕಲ್ಲ. ಸುತ್ತ ನೋಡಿದೆ. ದಂಡೆಯ ಮೇಲೆ ಸಂಗಮ್ಮ ಬಟ್ಟೆ ಒಗೆಯುತ್ತಿದ್ದಳು.

ಸಂಗಮ್ಮ ಗಂಡ ತೀರಿಕೊಂಡ ಹೆಂಗಸು. ಮಗ, ಸೊಸೆ, ಎರಡು ಕತ್ತೆ. ಆಕೆಯ ಅತ್ತೆ, ಅತ್ತೆಯ ಅತ್ತೆ ಎಲ್ಲ ಅದೇ ಕಲ್ಲಿನ ಮೇಲೆ ಊರಿನ ಬಟ್ಟೆ ಬಡಿದು ನಡುವೆ ತಗ್ಗು ಮಾಡಿದ್ದರು. ಆಕೆ ಬಟ್ಟೆಗೆ ಹಾಕುವ ಸವಳುಮಣ್ಣು ನೀರನ್ನು ಕೆಡಿಸುತ್ತಿದೆ, ಬಟ್ಟೆ ಬಡಿಯುವ ಸದ್ದಿಗೆ ಕಪ್ಪೆಗಳು ಹೆದರಿವೆ — ಹೀಗೆ ನನ್ನ ಸಿದ್ಧಾಂತ ಒಂದೇ ವಾರದಲ್ಲಿ ತಯಾರಾಯಿತು.

ಚಾವಡಿಯಲ್ಲಿ ವಹಿ ಬಿಚ್ಚಿ ಮೂರು ವರ್ಷದ ತಿಥಿಗಳನ್ನು ಏರುದನಿಯಲ್ಲಿ ಓದಿದೆ. ಬರೆದದ್ದನ್ನು ಓದಿದರೆ ಜನ ತಲೆಯಾಡಿಸುತ್ತಾರೆ. ಮಾಲಿಪಾಟೀಲರು ಊರಿಗೆ ದೊಡ್ಡವರು. ಅವರಿಗೆ ಕಪ್ಪೆಗಳ ಚಿಂತೆಗಿಂತ ತಮ್ಮ ಎತ್ತುಗಳು ನೀರಿಗಿಳಿಯಲು ಬೇಕಾದ ಆ ಇಳಿಜಾರು ದಂಡೆಯ ಚಿಂತೆ ಇತ್ತು. ಇದನ್ನು ಅವರ ತಲೆಗೆ ಕಟ್ಟಲು ಹೇಳುತ್ತಿಲ್ಲ. ಅವರಿಗೆ ಬೇಕಾದ ಕೊಡಲಿಗೆ ಕಾವು ಹಾಕಿ ಕೊಟ್ಟವನು ನಾನು.

ಸಂಗಮ್ಮನನ್ನು ಕರೆಸಿದರು. ಆಕೆ ಒದ್ದೆ ಸೀರೆಯಲ್ಲೇ ಬಂದು ಕಂಬದ ಹತ್ತಿರ ನಿಂತಳು.

"ಏನವಾ ಸಂಗಮ್ಮಾ, ನಿನ್ನ ಸವಳಿಗೆ ಕಪ್ಪಿ ಸೈತ ಬ್ಯಾಸತ್ತಾವಂತ! ಮಾಸ್ತರ್ರು ಬರದಿಟ್ಟಾರ" ಎಂದರು ಮಾಲಿಪಾಟೀಲರು. ಜನ ನಕ್ಕರು.

ಆಕೆ ನಗಲಿಲ್ಲ. ನನ್ನ ಕಡೆ ತಿರುಗಿದಳು.

"ಮಾಸ್ತರ್ರ, ಕಪ್ಪಿ ಎಲ್ಲಿ ತಡ ಮಾಡ್ಯಾವ್ರಿ? ಮಿರಗ ಮಳಿ ಮುಗದು ಆರಿದ್ರಾ ಹೊಕ್ತದ ನೋಡ್ರಿ, ಅವತ್ತ ಒದರತಾವ. ನಾ ಸಣ್ಣಾಕಿ ಇದ್ದಾಗಿಂದ ಹಂಗೇ ಅದ. ಈ ವರ್ಷಾನೂ ಹಂಗೇ."

"ಎಲ್ಲಿ ಬರೆದಿದೆ?" ಎಂದು ಕೇಳಿದೆ.

ಇಷ್ಟೇ. ಇಪ್ಪತ್ತು ವರ್ಷ ನನ್ನ ಕಿವಿಯಲ್ಲಿ ಉಳಿದದ್ದು ಆಕೆಯ ಮಾತಲ್ಲ, ನನ್ನದು. ಎಲ್ಲಿ ಬರೆದಿದೆ — ಎಷ್ಟು ಘನವಾಗಿ ಕೇಳಿದೆ! ಮೃಗಶಿರಾ, ಆರ್ದ್ರಾ ಮಳೆಗಳ ಲೆಕ್ಕ ಸೂರ್ಯನದು, ವರ್ಷ ವರ್ಷ ಅದೇ ಹೊತ್ತಿಗೆ ಬರುತ್ತವೆ. ನನ್ನ ತಿಥಿ ಚಂದ್ರನದು, ವರ್ಷಕ್ಕೆ ಹನ್ನೊಂದು ದಿನ ಜಾರುತ್ತದೆ. ಹೊಲಕ್ಕೆ ಹೋಗುವ ಎಲ್ಲರಿಗೂ ಗೊತ್ತಿರುವ ಸಂಗತಿ. ಆ ದಿನ ಚಾವಡಿಯಲ್ಲಿ ಅದನ್ನು ಮರೆತವನು ನಾನೊಬ್ಬ. ಮಿಕ್ಕವರಿಗೆ ವಹಿಯ ಎದುರು ಬಾಯಿ ಬರಲಿಲ್ಲ.

ಮಡುವಿನಲ್ಲಿ ಇನ್ನು ಬಟ್ಟೆ ಒಗೆಯಕೂಡದೆಂದು ಮಾಲಿಪಾಟೀಲರ ಅಪ್ಪಣೆಯಾಯಿತು. ಮರುದಿನದಿಂದ ಸಂಗಮ್ಮ ಅರ್ಧ ಹರದಾರಿ ಆಚೆಯ ಕೆರೆಗೆ ಬಟ್ಟೆ ಹೊತ್ತಳು. ಕಲ್ಲನ್ನು ಒಯ್ಯಲಾಗಲಿಲ್ಲ. ಅದು ಅಲ್ಲೇ ಉಳಿಯಿತು.

ಆಮೇಲೆ ನಡೆದದ್ದು ನನ್ನ ಕೇಡಿಗೇ ನಡೆಯಿತು — ನನ್ನ ಸಿದ್ಧಾಂತ ಗೆದ್ದುಬಿಟ್ಟಿತು! ಚಳಿಗಾಲದ ಬಾತುಗಳು ಹಿಂದಿನ ವರ್ಷ ಬಹುಳದಲ್ಲಿ ಬಂದಿದ್ದವು. ಈಗ ಅದೇ ಮಾಸದ ಶುದ್ಧದಲ್ಲೇ ಬಂದು ಇಳಿದವು, ನನ್ನ ಶಿಸ್ತಿಗೆ ಹೆದರಿದ ಹಾಗೆ. ನಾಲ್ಕನೆಯ ವರ್ಷ ಕಪ್ಪೆ ಕೂಗಿದ್ದು ಜ್ಯೇಷ್ಠ ಶುದ್ಧ ದ್ವಾದಶಿ. ಮೊದಲ ವರ್ಷಕ್ಕೂ ಇದಕ್ಕೂ ಮೂರೇ ದಿನದ ಅಂತರ! ಚಾವಡಿಯಲ್ಲಿ ಮಾಲಿಪಾಟೀಲರು ನನ್ನ ತಲೆಗೆ ಜರಿಯಂಚಿನ ರುಮಾಲು ಸುತ್ತಿದರು. ಊರೂರು ತಿರುಗುವ ದೌರೆಗೆ ಬಂದ ಸಾಹೇಬರೊಬ್ಬರು ವಹಿ ತಿರುವಿ ಹಾಕಿ, ಒಂದಕ್ಷರ ಓದಲು ಬಾರದಿದ್ದರೂ "ಶಾಬಾಸ್" ಎಂದರು. ನಾನು ನೆಲದಿಂದ ಒಂದು ಗೇಣು ಮೇಲೆ ನಡೆಯುತ್ತಿದ್ದೆ.

ಐದನೆಯ ವರ್ಷ ಕಪ್ಪೆ ಮತ್ತೆ ತಡ ಮಾಡಿತು. ಹತ್ತು ದಿನ. ಈಗ ದಂಡೆಯ ಮೇಲೆ ಸವಳಿಲ್ಲ, ಸದ್ದಿಲ್ಲ, ಸಂಗಮ್ಮನಿಲ್ಲ.

ಆಗ ನಮ್ಮ ಶಾಲೆಗೆ ಹೊಸದಾಗಿ ಒಬ್ಬ ಮೌಲವಿಗಳು ಬಂದಿದ್ದರು. ಬೀದರಿನವರು, ನಗೆಯ ಮನುಷ್ಯ. ಅವರಿಗೆ ವಹಿ ತೋರಿಸಿ ಎಲ್ಲ ಹೇಳಿದೆ. ಅವರು ಕೊನೆಯವರೆಗೂ ಕೇಳಿ, ಗಡ್ಡ ನೀವಿಕೊಂಡರು.

"ಅರೇ ಮಾಸ್ತರ್, ನಮ್ದು ರಮಜಾನ್ ಬೀ ಹರ್ ಸಾಲ್, ವರ್ಷಾ ವರ್ಷಾ, ಹತ್ತು-ಹನ್ನೊಂದು ದಿನ ಸರೀತದ. ಅದಕ್ಕ ಯಾವ ಧೋಬನ್ ಸವಳು ಹಾಕ್ಲತ್ತಾಳ?"

ನಾನು ನಕ್ಕೆ. ನಗು ಅರ್ಧಕ್ಕೇ ನಿಂತಿತು. "ಆದರೆ ನಾಲ್ಕನೆಯ ವರ್ಷ ಸರಿಹೋಗಿತ್ತಲ್ಲ —" ಎಂದೆ.

"ನಿಮ್ಮವರು ಮೂರು ಸಾಲಿಗೊಮ್ಮೆ ಒಂದ್ ಮಹಿನಾ ಜ್ಯಾದಾ ಹಾಕ್ತೀರಲ್ರಿ, ಧೋಂಡಿ ಮಹಿನಾ. ನಡುವ ಅದು ಬಂದಿತ್ತೇನು ನೋಡ್ರಿ."

ನೋಡಲು ಹಾಳೆ ತಿರುವಬೇಕಾಗಿರಲಿಲ್ಲ. ಸಂಗಮ್ಮ ಮಡು ಬಿಟ್ಟ ಎರಡೇ ತಿಂಗಳಿಗೆ ಅಧಿಕ ಭಾದ್ರಪದ ಬಂದಿತ್ತು. ಆ ತಿಂಗಳಲ್ಲಿ ಅಳಿಯನನ್ನು ಕರೆದು ಮೂವತ್ತಮೂರು ಅನರಸದ ಕಜ್ಜಾಯ ಕೊಡುವುದು ನಮ್ಮ ಕಡೆಯ ರೀತಿ. ಭಾಲ್ಕಿಯಲ್ಲಿ ಮಾವನವರ ಮನೆಯಲ್ಲಿ ಕೂತು, ಅತ್ತೆಯವರು ಬೆಳ್ಳಿ ತಟ್ಟೆಯಲ್ಲಿಟ್ಟ ಅನರಸಗಳನ್ನು ತುಪ್ಪದೊಡನೆ ತಿಂದು, ಹೊಟ್ಟೆನೋವು ತಂದುಕೊಂಡು, ವಹಿಯಲ್ಲಿ ನನ್ನದೇ ಅಕ್ಷರದಲ್ಲಿ "ಅಧಿಕ ಭಾದ್ರಪದ" ಎಂದು ಬರೆದಿದ್ದೆ. ತಿಥಿಗಳನ್ನು ಹಿಂದಕ್ಕೆ ತಂದು ಕೂರಿಸಿದ್ದು ಆ ಹದಿಮೂರನೆಯ ತಿಂಗಳು. ಜಗತ್ತಿನ ಒಂದು ದೊಡ್ಡ ಸತ್ಯವನ್ನು ನಾನು ಅಗಿದು ನುಂಗಿ, ಮೇಲೆ ಅಜವಾನ ತಿಂದಿದ್ದೆ.

"ಚಾವಡ್ಯಾಗ ಹೇಳಿಬಿಡ್ರಿ" ಎಂದರು ಮೌಲವಿಗಳು. "ಆಕಿ ಕಲ್ಲು ಇನ್ನೂ ಅಲ್ಲೇ ಅದ."

"ಹೇಳ್ತೀನಿ" ಎಂದೆ.

ಹೇಳಲಿಲ್ಲ. ಮೊದಲು ಸುಗ್ಗಿ ಮುಗಿಯಲಿ ಎಂದುಕೊಂಡೆ, ಆಮೇಲೆ ಶಾಲೆಯ ತಪಾಸಣೆ ಮುಗಿಯಲಿ ಎಂದು — ಆಮೇಲೆ ಏನೂ ಅಂದುಕೊಳ್ಳುವುದನ್ನೇ ಬಿಟ್ಟೆ. ಮರುವರ್ಷ ಮೌಲವಿಗಳಿಗೆ ವರ್ಗವಾಯಿತು. ಅವರನ್ನು ಬಂಡಿ ಹತ್ತಿಸಿ ಹಿಂದಿರುಗುವಾಗ ನನ್ನ ಎದೆ ಹಗುರಾಗಿತ್ತು. ಒಳ್ಳೆಯ ಗೆಳೆಯ ಹೋದನೆಂದು ಹಗುರಾದ ಎದೆಯನ್ನು ಆ ದಿನ ಮೊದಲ ಸಲ ಕಂಡೆ.

ಆದರೆ ಮಡುವಿಗೆ ಹೋಗುವುದನ್ನು ಬಿಡಲಿಲ್ಲ, ಬರೆಯುವುದನ್ನೂ ಬಿಡಲಿಲ್ಲ. ಆ ಪುಟಗಳನ್ನು ಇವತ್ತು ಓದಿದರೆ — ಮೊದಲ ಮೂರು ವರ್ಷ ಹೀಗಿದೆ: "ಸಂಗಮ್ಮನ ಕಲ್ಲಿನ ಬುಡದಲ್ಲಿ ಮೀನಿನ ಮರಿಗಳ ಹಿಂಡು, ಬಟ್ಟೆಯ ಗಂಜಿ ತಿನ್ನುತ್ತವೆ." "ಬಟ್ಟೆ ಒಣಹಾಕುವ ಗಳದ ತುದಿಯಲ್ಲಿ ಮಿಂಚುಳ್ಳಿ." "ಗರಸಿನಲ್ಲಿ ಟಿಟ್ಟಿಭದ ನಾಲ್ಕು ಮೊಟ್ಟೆ. ಯಾರೂ ತುಳಿಯದಿರಲೆಂದು ಸಂಗಮ್ಮ ಸುತ್ತ ಕಲ್ಲು ಇಟ್ಟಿದ್ದಾಳೆ." ಅನಂತರದ ವರ್ಷಗಳಲ್ಲಿ: "ಎತ್ತುಗಳು ಇಳಿದು ನೀರು ರಾಡಿ." "ಮಿಂಚುಳ್ಳಿ ಕಾಣಲಿಲ್ಲ." "ಮೊಟ್ಟೆಗಳು ಗೊರಸಿಗೆ ಸಿಕ್ಕಿ ಒಡೆದಿವೆ." ಮಡುವನ್ನು ಕಾಯುತ್ತೇನೆಂದು ಹೊರಟು, ಮಡುವನ್ನು ಕಾಯುತ್ತಿದ್ದವಳನ್ನು ಹೊರಗೆ ಹಾಕಿದೆ. ಇದನ್ನು ನನ್ನ ವಹಿಯೇ ನನ್ನ ಅಕ್ಷರದಲ್ಲೇ ಹೇಳುತ್ತಿದೆ. ಒಂದು ಸಾಲನ್ನೂ ನಾನು ಹೊಡೆದುಹಾಕಲಿಲ್ಲ, ಒಂದು ಹಾಳೆಯನ್ನೂ ಹರಿಯಲಿಲ್ಲ. ನನ್ನ ಮೇಲೆ ಇಷ್ಟು ಚೊಕ್ಕಟವಾಗಿ ಸಾಕ್ಷಿ ಬರೆದಿಟ್ಟ ಕೈ ನನ್ನದೇ ಎಂಬ ಹೆಮ್ಮೆಯನ್ನಾದರೂ ನನಗೆ ಬಿಡಿ.

ಏಳನೆಯ ವರ್ಷ ಸಂಗಮ್ಮನ ಮೊಳಕಾಲು ಸೋತವು. ಕೆರೆಯ ದಾರಿ ನಡೆಯಲಾಗದೆ, ಮಗ-ಸೊಸೆಯೊಡನೆ ಬೀದರಿನ ಚಿದ್ರಿಗೆ ಹೊರಟಳು. ಆ ಮುಂಜಾನೆ ನಾನು ಶಾಲೆಯ ಬಾಗಿಲಲ್ಲಿ ನಿಂತಿದ್ದೆ. ಕತ್ತೆಗಳ ಮೇಲೆ ಪಾತ್ರೆ-ಗಂಟು, ಹಿಂದೆ ಆಕೆ, ಕೈಯಲ್ಲಿ ಕೋಲು. ನನ್ನನ್ನು ಕಂಡು ನಿಂತಳು.

"ಕಪ್ಪಿ ಹ್ಯಾಂಗವ್ರಿ ಮಾಸ್ತರ್ರ?"

"ಛಲೋ ಅವ" ಎಂದೆ.

ಐದನೆಯ ವರ್ಷ ಬಾಯಿ ಬಿಟ್ಟಿದ್ದರೆ ಆಕೆ ಊರು ಬಿಡುತ್ತಿರಲಿಲ್ಲ. ಆ ಮುಂಜಾನೆ ಬಿಟ್ಟಿದ್ದರೂ ಕತ್ತೆಗಳನ್ನು ತಿರುಗಿಸಬಹುದಿತ್ತು. ಗಂಟೆ ಬಾರಿಸುವ ಹೊತ್ತಾಯಿತೆಂದು ಒಳಗೆ ಹೋದೆ.

ನೌಕರಿ ಮುಗಿದು, ಮಾಲಿಪಾಟೀಲರು ತೀರಿಹೋಗಿ, ನಾನು ಯಾರಿಗೂ ಹೆದರಬೇಕಿಲ್ಲವೆಂಬ ಕಾಲ ಬಂದ ಮೇಲೆ ನನಗೆ ಧೈರ್ಯ ಬಂತು. ಅಂಥ ಧೈರ್ಯಕ್ಕೆ ಏನು ಬೆಲೆಯೋ ನೀವೇ ಹೇಳಿ. ಕಳೆದ ವಾರ ವಹಿಗಳನ್ನು ಕಟ್ಟಿಕೊಂಡು ಚಿದ್ರಿಗೆ ಹೋದೆ. ಸಂಗಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದಳು. ಕಣ್ಣು ಮಂಜಾಗಿವೆ. ದನಿ ಕೇಳಿಯೇ ಗುರುತು ಹಿಡಿದಳು.

"ಮಾಸ್ತರ್ರಾ? ಬರ್ರಿ, ಕುಂಡ್ರ್ರಿ. ಏ, ನೀರ್ ತಾರವಾ ಇಲ್ಲಿ."

ಎಲ್ಲವನ್ನೂ ಹೇಳಿದೆ — ತಿಥಿ, ಅಧಿಕಮಾಸ, ರಮಜಾನ್, ಅನರಸ. ಬಹಳ ಹೊತ್ತು ಹಿಡಿಯಿತು. ಮುಗಿಸಿ ತಲೆ ತಗ್ಗಿಸಿ ಕೂತೆ, ಸಿಡಿಲು ಬೀಳಲೆಂದು.

"ಇಷ್ಟ ಹೇಳ್ಲಾಕ ಅಲ್ಲಿಂದ ಬಂದೀರಿ? ನನಗ ಆವಾಗೇ ಗೊತ್ತಿತ್ತಲ್ರಿ."

"ಗೊತ್ತಿದ್ದೂ ಮತ್ತೆ ಯಾಕೆ ಹೇಳಲಿಲ್ಲ, ಸಂಗಮ್ಮಾ?"

"ಹೇಳೀನಲ್ರಿ. ನೀವು ಬರಕೊಳ್ಳಿಲ್ಲ."

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಮಡುವಿನ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ನಿಜವಾದದ್ದು ಆಕೆಯದು, ನಾನು ಬರೆಯದೆ ಬಿಟ್ಟದ್ದೂ ಅದೊಂದೇ. ಇಂಥವಳು ನಮ್ಮ ಊರಿನವಳು, ನಾನು ನೋಡಿದ ನೀರನ್ನು ನನಗಿಂತ ಮೊದಲು ನೋಡಿದವಳು ಎಂದು ಎದೆ ಉಬ್ಬಿತು — ಉಬ್ಬಲು ನನಗೆ ಹಕ್ಕಿಲ್ಲದಿದ್ದರೂ.

ತಪ್ಪಾಯಿತು ಎಂದೆ. ಆಕೆ ಕೋಲಿನಿಂದ ನೆಲ ತಟ್ಟಿ ಹೇಳಿದಳು:

"ನನ್ನ ಮನಿ ಮುಂದ ಅಂದ್ರ ಏನ್ ಬಂತ್ರಿ? ಇಲ್ಲಿ ನಾ ಒಬ್ಬಾಕಿ. ಅವತ್ತ ನಕ್ಕವರು ಕುಶನೂರಾಗ ಅದಾರ. ಚಾವಡ್ಯಾಗ ಹೇಳ್ರಿ, ಹಗಲಾಗ, ಮಂದಿ ಕೂಡಿದಾಗ. ನನ್ನ ಸವಳಿನಿಂದ ನೀರು ಕೆಟ್ಟಿದ್ದಿಲ್ಲಂತ ಹೇಳ್ರಿ. ನಮ್ಮ ಅತ್ತಿ ಹೆಸರೂ ಅದ ಅದರಾಗ."

ನಾಳೆ ಸೋಮವಾರ, ಚಾವಡಿಯಲ್ಲಿ ಜನ ಕೂಡುತ್ತಾರೆ. ಈ ಬರಹವನ್ನು ಮೊದಲು ಅಲ್ಲಿ ಓದುತ್ತೇನೆ, ಆಮೇಲೆ ನಿಮ್ಮ ಕೈಗೆ ಬರಲಿ. ನಮ್ಮ ಊರ ಜನ ದಯಾಳುಗಳು. ಓದಿ ಮುಗಿಸಿದೊಡನೆ ಯಾರಾದರೂ ಎದ್ದು, "ಹೋಗ್ಲಿ ಬಿಡ್ರಿ, ಪಾಪ, ಮಾಸ್ತರ್ರಿಗಿ ಗೊತ್ತಿದ್ದಿಲ್ಲ" ಅಂದಾರು.

ಅವರನ್ನು ಅಲ್ಲೇ ತಡೆದು ಹೇಳಬೇಕು: ಐದನೆಯ ವರ್ಷದಿಂದ ಗೊತ್ತಿತ್ತು.