ಮೊಮ್ಮಗಳನ್ನು ತರಲು ಎಕ್ಸಲ್ ಬದಲಿಸಿದ್ದು

ಹೊನ್ನೂರಿನ ತವರಿನಲ್ಲಿ ಸೊಸೆಗೆ ಹೆಣ್ಣು ಮಗುವಾಯಿತೆಂದು ಸುದ್ದಿ ಬಂದಾಗ ನಾನು ಮಧುವನಹಳ್ಳಿಯಲ್ಲಿ ನಮ್ಮ ಪಿಕಪ್ಪಿಗೆ ತೆಂಗಿನಕಾಯಿ ತುಂಬುತ್ತಿದ್ದೆ. ಕೈಯಲ್ಲಿದ್ದ ಕಾಯಿ ಜಾರಿ ಕಾಲ ಮೇಲೆ ಬಿತ್ತು. ನೋವು ಗೊತ್ತಾಗಿದ್ದು ಸಂಜೆಗೆ. ಅಲ್ಲಿಯವರೆಗೆ ಎದುರಿಗೆ ಸಿಕ್ಕವರಿಗೆಲ್ಲ ಸಕ್ಕರೆ ಹಂಚುತ್ತಾ ಓಡಾಡಿದೆ. ಬೀಡಿಗೆ ಬೆಂಕಿ ಕೇಳಿದವನ ಅಂಗೈಗೂ ಸಕ್ಕರೆ ಸುರಿದೆನಂತೆ. ತಾತನಾಗುವುದೆಂದರೆ ಹಾಗೆ, ಮೈಮೇಲೆ ಯಾರೋ ಬಂದಂತೆ.

ಮಗುವನ್ನು ನೋಡಲು ಹೋದಾಗ ಬಾಯಿ ಸುಮ್ಮನಿರದೆ, "ಬಾಣಂತಿ ಮಗೀನ ನಮ್ ಗಾಡೀಲೇ ಕರ್ಕಂಡೋಯ್ತೀನಿ" ಎಂದುಬಿಟ್ಟೆ.

ಬೀಗಿತಿ ಮೊರದಲ್ಲಿ ಅಕ್ಕಿ ಕೇರುತ್ತಿದ್ದವರು ಮೊರ ಕೆಳಗಿಟ್ಟರು. "ಆ ಡಬ್ಬದಲ್ಲಾ ಬೀಗ್ರೇ? ನನ್ ಮೊಮ್ಮಗೀಗೆ ಅಲ್ಲು ಬರೋಕೆ ಮುಂಚೆನೇ ಉದ್ರೋಯ್ತವೆ!"

ಆದರೂ ಒಪ್ಪಿದರು. ಜ್ಯೇಷ್ಠದ ಕೊನೆಯಲ್ಲಿ ಒಂದು ದಿನ, ಅದರಲ್ಲೂ ಮಧ್ಯಾಹ್ನದ ಒಳಗೆ ಒಂದು ಗಳಿಗೆ ಗೊತ್ತಾಯಿತು. ಅದು ಬಿಟ್ಟರೆ ಅಮಾವಾಸ್ಯೆಯವರೆಗೆ ಬೇರೆ ಒಳ್ಳೆಯ ದಿನವಿರಲಿಲ್ಲ, ಆಮೇಲೆ ಆಷಾಢ. "ಗಳಿಗೆ ಮೀರ್ತೋ, ಶ್ರಾವಣಕ್ಕೇ ಬನ್ನಿ. ಆಷಾಢದಲ್ಲಿ ಮಗೀನ ಒಸಲು ದಾಟ್ಸಕಿಲ್ಲ" ಎಂದು ಆಕೆ ಖಂಡಿತವಾಗಿ ಹೇಳಿದರು. ಇನ್ನೂ ಒಂದು ತಿಂಗಳು ಆ ಮುಖ ನೋಡದೆ ಇರುವುದೆಂದರೆ ನನ್ನ ಕೈಲಾಗದ ಮಾತು.

ನಮ್ಮ ಪಿಕಪ್ಪು ಹಳೆಯದು, ಅದು ನಿಜ. ಗೇರು ಹಾಕಿ ಕ್ಲಚ್ಚು ಬಿಟ್ಟರೆ ಹಿಂದಿನಿಂದ ಕಟ್ ಎನ್ನುತ್ತಿತ್ತು. ಕೊಳ್ಳೇಗಾಲದ ಮೇಸ್ತ್ರಿ ಅಡಿಗೆ ತೂರಿ, ಹಿಂದಿನ ಎರಡು ಎಕ್ಸಲ್ ಶಾಫ್ಟುಗಳನ್ನೂ ಎಳೆದು ತೋರಿಸಿದ. ಎಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಕಬ್ಬಿಣದ ದಂಡಗಳು ಅವು. ಒಳತುದಿಯ ಹಲ್ಲುಗಳು ನಮ್ಮಪ್ಪನ ಹಲ್ಲಿನಂತೆ ಸವೆದು ಚೂಪಾಗಿದ್ದವು.

"ಅಣ್ಣಾ, ಇದ್ರಲ್ಲಿ ಎಳೇ ಕೂಸ ಕೂರುಸ್ಕಂಡು ಒಂಟ್ರೆ ನಾನೇ ಅಡ್ಡ ಮನೀಕತೀನಿ" ಎಂದ. ಹೊಸದು ಮೈಸೂರಿನಲ್ಲೂ ಸಿಗಲಿಲ್ಲ. ಹನೂರಿನ ಆಚೆ ಒಂದು ಹೊಲದಲ್ಲಿ ಇದೇ ಜಾತಿಯ ಗಾಡಿ ಸತ್ತು ಬಿದ್ದಿದೆ ಎಂದು ಅವನಿಗೇ ನೆನಪಾಯಿತು. ಇಬ್ಬರೂ ಬಸ್ಸು ಹತ್ತಿದೆವು.

ಗಾಡಿ ಸಿಕ್ಕಿತು. ಎಂಜಿನ್ನಿಲ್ಲ, ಬಾಗಿಲಿಲ್ಲ, ಸೀಟಿನ ಮೇಲೆ ಮಾತ್ರ ಒಂದು ಕೋಳಿ ಕಾವಿಗೆ ಕೂತಿತ್ತು. ಗಾಡಿಯ ಒಡತಿ ಒಬ್ಬಳು ಅಜ್ಜಿ. ಶಾಫ್ಟು ಕೊಡಲು ಒಪ್ಪಿದಳು, ಆದರೆ ಸುತ್ತಿಗೆ ಕಂಡ ಕೂಡಲೇ ಎದ್ದು ಬಂದಳು.

"ಏಯ್, ಬಡೀಬ್ಯಾಡಿ ಕಣ್ರಪ್ಪಾ! ಕೋಳಿ ಎದ್ರೆ ಮೊಟ್ಟೆ ತಣ್ಗಾಯ್ತವೆ."

"ಬಡೀದೆ ಚಕ್ರ ಕಳಚಕ್ಕಾಯ್ತದಾ ಅಜ್ಜೀ?" ಎಂದ ಮೇಸ್ತ್ರಿ.

"ಅದ ನಾನೇನು ಕಂಡೆ? ಮರಿ ಆದ್ಮೇಲೆ ಬಾ."

ನಾನು ನಡುವೆ ಬಾಯಿ ಹಾಕಿ, ಮೊಮ್ಮಗಳು ಹುಟ್ಟಿದ್ದು, ಅವಳ ಕಿವಿ ನನ್ನ ಕಿವಿಯಂತೆಯೇ ಇರುವುದು, ಗಳಿಗೆ ಮೀರಿದರೆ ಶ್ರಾವಣ, ಎಲ್ಲವನ್ನೂ ಹೇಳಿದೆ. ಅಜ್ಜಿ ನನ್ನನ್ನು ನೋಡಿದಳು, ಕೋಳಿಯನ್ನು ನೋಡಿದಳು. ಆಮೇಲೆ ತಾನೇ ಕೋಳಿಯ ಮೇಲೆ ಮಂಕರಿ ಕವುಚಿ, ಅದರ ಮೇಲೆ ಗೋಣಿಚೀಲ ಹೊದಿಸಿ, ಪಕ್ಕದಲ್ಲೇ ಕೂತು "ಊಂ, ಮೆತ್ಗೆ ಬಡಿ" ಎಂದಳು. ಮೇಸ್ತ್ರಿ ಹೆದರಿ ಹೆದರಿ ಬಡಿದ. ಹೊತ್ತು ಮುಳುಗುವ ವೇಳೆಗೆ ಎರಡು ಶಾಫ್ಟುಗಳೂ ಹೊರಬಂದವು. ಒಂದು ಗಿಡ್ಡ, ಒಂದು ಉದ್ದ. ಎಡಕ್ಕೊಂದು ಬಲಕ್ಕೊಂದು, ಹಾಗೆಯೇ ಇರಬೇಕಂತೆ. ಹಲ್ಲುಗಳು ಚೆನ್ನಾಗಿದ್ದವು. ಬಸ್ಸಿನಲ್ಲಿ ಅವನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಬಂದೆ.

ಹೊರಡುವ ದಿನ ಬೆಳಿಗ್ಗೆ ಮೇಸ್ತ್ರಿ ನಮ್ಮ ಹಟ್ಟಿಯ ಮುಂದೆಯೇ ಅವನ್ನು ಜೋಡಿಸಿದ. ಚಕ್ರದ ಕಡೆಯ ತುದಿಗಳನ್ನು ಬಟ್ಟೆಯಿಂದ ಒರೆಸಿ, ನಾವಿಬ್ಬರೂ ಮುದ್ದೆ ಉಣ್ಣಲು ಒಳಗೆ ಹೋದೆವು. ಜಗಲಿಯ ಮೇಲೆ ನಮ್ಮಪ್ಪ ಒಬ್ಬನೇ ಇದ್ದ. ಹುಟ್ಟಿದಾಗಿನಿಂದ ಎತ್ತಿನ ಗಾಡಿ ಹೊಡೆದ ಜೀವ. ಮರಿಮೊಮ್ಮಗಳು ಬರುವ ಗಾಡಿಯ ಅಚ್ಚು ಹಾಗೆ ಒಣಗಿ ಬಿಳುಚಿಕೊಂಡಿರುವುದು ಅವನಿಗೆ ನೋಡಲಾಗಲಿಲ್ಲ. ಮೂಲೆಯಲ್ಲಿದ್ದ ಕೀಲೆಣ್ಣೆಯ ಬಿದಿರ ಗೊಟ್ಟ ತಂದ. ಹರಳೆಣ್ಣೆಗೆ ಹುಲ್ಲಿನ ಕರಿ ಕಲಸಿ ಮಾಡುವ, ಎತ್ತಿನ ಗಾಡಿಯ ಅಚ್ಚಿಗೆ ಹಚ್ಚುವ ಎಣ್ಣೆ. ಅದನ್ನು ಎರಡೂ ತುದಿಗೆ ಚೆನ್ನಾಗಿ ಬಳಿದು, ಕೈ ತೊಳೆದು, ಏನೂ ಆಗದವನಂತೆ ಕೂತ. ಮೇಸ್ತ್ರಿ ಉಂಡು ಬಂದು, ಒರೆಸಿದ್ದಾಗಿದೆಯಲ್ಲ ಎಂದು ಮತ್ತೆ ನೋಡದೆ, ಗಳಿಗೆಯ ಅವಸರದಲ್ಲಿ ಚಕ್ರ ಹಿಡಿಯುವ ಡ್ರಮ್ಮು ಕೂರಿಸಿ ನಟ್ಟು ಬಿಗಿದ.

ಅಪ್ಪನೂ ಹಿಂದೆ ಹತ್ತಿದ. ಮೇಸ್ತ್ರಿಯೂ ಬಂದ. ಯಳಂದೂರು ರಸ್ತೆಯಲ್ಲಿ ಕಬ್ಬಿನ ಗದ್ದೆಗಳ ನಡುವೆ ಗಾಡಿ ಟಕ್ ಎಂದು ನಿಂತಿತು. ಎಂಜಿನ್ನು ಕೂಗುತ್ತದೆ, ಚಕ್ರ ತಿರುಗುವುದಿಲ್ಲ. ಸೂರ್ಯ ಆಗಲೇ ನೆತ್ತಿಗೆ ಬರುತ್ತಿದ್ದ.

ಮೇಸ್ತ್ರಿ ಡ್ರಮ್ಮು ಕಳಚಿ, ಬೆರಳಿಗೆ ಅಂಟಿದ್ದನ್ನು ಮೂಸಿ ನೋಡಿದ. "ಅಣ್ಣಾ, ಇದು ಅರಳೆಣ್ಣೆ!"

ಹಿಂದಿನಿಂದ ಅಪ್ಪ ಹೆಮ್ಮೆಯಿಂದ, "ನಾನೇ ಕಣ್ಲಾ ಬಳ್ದಿದ್ದು. ಗಾಡಿ ನುಣ್ಣಗೆ ಓಗ್ಲಿ ಅಂತ" ಎಂದ.

"ತಾತಾ! ನಿಮ್ ಎತ್ತಿನ ಗಾಡೀಲಿ ಅಚ್ಚು ಸುಮ್ನಿರ್ತದೆ, ಚಕ್ರ ತಿರುಗ್ತದೆ, ಎಣ್ಣೆ ಬೇಕು. ಇದ್ರಲ್ಲಿ ಅಚ್ಚೇ ಚಕ್ರನ ಇಡ್ಕಂಡು ತಿರುಗುಸ್ಬೇಕು. ಎಣ್ಣೆ ಬಳುದ್ರೆ ಇಡಿತ ಎಲ್ಲಿ ಬಂದದು?"

ಅಪ್ಪ ಮೇಲಿನಿಂದಲೇ ಬಗ್ಗಿ ಚಕ್ರವನ್ನು ನೋಡಿದ. "ಹಂಗಾದ್ರೆ ಇದು ಗಾಡೀನೇ ಅಲ್ಲ ಬುಡು" ಎಂದ. ನನಗೆ ಅಳು ಬರುವಂತಿತ್ತು, ಆದರೂ ನಕ್ಕುಬಿಟ್ಟೆ.

ಡ್ರಮ್ಮು ಜಾರಿ, ಶಾಫ್ಟಿಗೂ ಅದಕ್ಕೂ ನಡುವೆ ಕೂರುವ ಸಣ್ಣ ಉಕ್ಕಿನ ತುಂಡು ಕತ್ತರಿಸಿಹೋಗಿತ್ತು. ಪುಣ್ಯಕ್ಕೆ ಹಳೆಯ ಶಾಫ್ಟಿನಿಂದ ಕಳಚಿದ ಅಂಥದೇ ತುಂಡು ಮೇಸ್ತ್ರಿಯ ಚೀಲದಲ್ಲಿತ್ತು. ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ಎರಡೂ ಕಡೆಯ ತುದಿಗಳನ್ನು ಉಜ್ಜಿದೆವು. ಅಪ್ಪನೂ ಇಳಿದು ಬಂದು ತನ್ನ ಟವಲ್ಲಿನಿಂದ ಉಜ್ಜಿದ. ಎಲ್ಲ ಒಣಗಿಸಿ, ಬಿಗಿದು ಹೊರಡುವಷ್ಟರಲ್ಲಿ ನೆರಳು ಆಚೆ ಕಡೆಗೆ ವಾಲಿತ್ತು. ಗಳಿಗೆ ಮೀರಿಹೋಗಿತ್ತು.

ಹೊನ್ನೂರು ಮುಟ್ಟಿದಾಗ ಬೀಗರ ಮನೆಯಲ್ಲಿ ತೊಟ್ಟಿಲು ಬರಿದು. ಒಳಗೆ ಸೊಸೆ ಒಬ್ಬಳೇ ಗಂಟು ಕಟ್ಟಿಕೊಂಡು ಕೂತಿದ್ದಳು. ತೊಟ್ಟಿಲೊಳಗೆ ಕೈಯಾಡಿಸಿ ನೋಡಿದೆ.

"ಮಗು ಎಲ್ಲವ್ವಾ?"

"ಇಲ್ಲಿ ಬನ್ನಿ ಬೀಗ್ರೇ" ಎಂದು ಬೀದಿಯ ಆಚೆಯಿಂದ ಕೂಗು ಬಂತು. ಎದುರು ಮನೆಯ ಜಗಲಿಯ ಮೇಲೆ, ಕಾಲು ಚಾಚಿ, ತೊಡೆಯಲ್ಲಿ ನನ್ನ ಮೊಮ್ಮಗಳನ್ನು ಮಲಗಿಸಿಕೊಂಡು ಬೀಗಿತಿ ಕೂತಿದ್ದರು. ಪಕ್ಕದಲ್ಲಿ ಅಕ್ಕಿ, ಬೆಲ್ಲ, ಮಗುವಿನ ಬಟ್ಟೆಯ ಪುಟ್ಟ ಗಂಟು.

"ನಿಮ್ ಡಬ್ಬ ನಿಲ್ಲೋಕೆ ಜಾಗ ಉಡುಕ್ತಾ ಇರ್ತದೆ ಅಂತ ನಂಗೆ ಗೊತ್ತಿಲ್ವಾ? ಗಳಿಗೆಗೆ ಸರ್ಯಾಗಿ ಪರಸ್ತಾನ ಮಾಡ್ಬುಟ್ಟೆ. ಮಗು ಒಸಲು ದಾಟಾಯ್ತು. ಇನ್ನು ನೀವು ಯಾವಾಗ ಬಂದ್ರೂ ಒಂದೇಯ."

ಒಳ್ಳೆಯ ಗಳಿಗೆಯಲ್ಲಿ ಪ್ರಯಾಣದ ಗಂಟನ್ನು ಬೇರೆ ಮನೆಯಲ್ಲಿ ಇಟ್ಟು, ಆಮೇಲೆ ನಿಧಾನವಾಗಿ ಹೊರಡುವುದು ನಮ್ಮ ಕಡೆಯ ಪದ್ಧತಿ. ಆಕೆ ಗಂಟಿನ ಜೊತೆಗೆ ಮಗುವನ್ನೂ ಎತ್ತಿಕೊಂಡು, ಅಷ್ಟು ಹೊತ್ತಿನಿಂದ ಪರರ ಜಗಲಿಯಲ್ಲಿ ನನಗಾಗಿ ಕಾದಿದ್ದರು. ನಾನು ಎರಡೂ ಕೈ ಚಾಚಿದೆ. ಮಗುವನ್ನು ನನ್ನ ಕೈಗೆ ಕೊಡುವಾಗ ಮಾತ್ರ ಆಕೆಯ ಕೈ ಸ್ವಲ್ಪ ತಡೆಯಿತು.

"ಅಕ್ಕಾ, ನೀವೂ ಹತ್ತಿ. ನಾಕು ದಿನ ಇದ್ದು ಬರೀರಂತೆ" ಎಂದೆ.

"ಆ ಡಬ್ಬದಲ್ಲಾ?" ಎನ್ನುತ್ತಲೇ ಆಕೆ ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ಮುಂದಿನ ಸೀಟಿಗೆ ಹತ್ತಿದರು.