ಮುಬಾಶಿರಾ ಸಹಿ ಹಾಕಲಿಲ್ಲ

ಮೊದಲೇ ಹೇಳಿಬಿಡುತ್ತೇನೆ, ಆ ಪ್ಲಗ್ ಕಿತ್ತವನು ನಾನು. ಹೆಸರು ವಿರೂಪಾಕ್ಷಪ್ಪ, ಕುಷ್ಟಗಿಯ ಒಂದು ಬೀಜದ ಕಂಪನಿಯಲ್ಲಿ ಹತ್ತೊಂಬತ್ತು ವರ್ಷದಿಂದ ಗೋದಾಮು ನೋಡಿಕೊಳ್ಳುತ್ತೇನೆ. ಆಯುಧಪೂಜೆಯ ದಿನ ನಮ್ಮ ಮ್ಯಾನೇಜರ್ ಪ್ರಭುರಾಜ ಸಾಹೇಬರಿಗೆ ಕಂಪ್ಯೂಟರ್ ಕೋಣೆಯ ಬಾಗಿಲ ಮೇಲೆ ಬಣ್ಣದ ದೀಪದ ಸರ ಮಿನುಗಬೇಕು ಅನ್ನಿಸಿತು. ಕರೆಂಟು ಹೋಗಿತ್ತು, ಯುಪಿಎಸ್‌ನಲ್ಲಿ ಜಾಗ ಖಾಲಿ ಇರಲಿಲ್ಲ. "ಅದನ್ನ ಕಿತ್ತು ಇದನ್ನ ಹಾಕಲೇ ವಿರೂಪಾಕ್ಷಿ, ಎರಡ ನಿಮಿಷ" ಎಂದರು. ಅವರು ತೋರಿಸಿದ್ದು ಸರ್ವರಿನ ಪ್ಲಗ್ಗು, ಅದರ ಮೇಲೆ 'ಇದನ್ನು ಕೀಳಬೇಡಿ' ಎಂದು ಕೆಂಪು ಅಕ್ಷರದ ಚೀಟಿ ಅಂಟಿತ್ತು. ನನಗೆ ಓದಲು ಬರುತ್ತದೆ. ಓದಿಯೇ ಕಿತ್ತೆ.

ಆ ಚೀಟಿ ಅಂಟಿಸಿದವಳು ಮುಬಾಶಿರಾ, ನಮ್ಮ ಕಂಪ್ಯೂಟರ್ ಆಪರೇಟರ್. ತಾವರಗೇರಾದವಳು. ತಾಯಿ ರಜಿಯಾಬೇಗಂ ಕ್ರಾಸಿಂಗ್ ಕೆಲಸ ಮಾಡಿಯೇ ಮಕ್ಕಳನ್ನು ಸಾಕಿದವರು. ಕ್ರಾಸಿಂಗ್ ಎಂದರೆ ಸಂಜೆ ಬೆಂಡೆಯ ಮೊಗ್ಗು ಬಿಡಿಸಿ ಗಂಡುಭಾಗ ತೆಗೆಯುವುದು, ಮರುದಿನ ಮುಂಜಾನೆ ಬೇರೆ ಗಿಡದ ಪರಾಗ ಒರೆಸಿ ಕೆಂಪು ದಾರ ಕಟ್ಟುವುದು. ಹೈಬ್ರಿಡ್ ಬೀಜ ಹುಟ್ಟುವುದು ಹಾಗೆ, ಹೆಂಗಸರ ಬೆರಳ ತುದಿಯಲ್ಲಿ. ಶಾಲೆಯ ರಜೆಯಲ್ಲಿ ಮುಬಾಶಿರಾಳೂ ತಾಯಿಯ ಜೊತೆ ಸಾಲು ಹಿಡಿದವಳೇ. ಆಮೇಲೆ ಕಾಲೇಜಿನಲ್ಲಿ ಕಂಪ್ಯೂಟರ್ ಓದಿದಳು. ಹನ್ನೊಂದು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ದಿನ ಸಾಹೇಬರು ಆಕೆಗೆ ಹೇಳಿದ ಮೊದಲ ಕೆಲಸ ಚಹಾ ಮಾಡುವುದು. "ಚಹಾ ನನಗ ಛಲೋ ಮಾಡಾಕ ಬರೂದಿಲ್ರಿ ಸರ್, ಕಂಪ್ಯೂಟರ್ ಬರ್ತೈತಿ" ಎಂದಳು. ಆವತ್ತಿನಿಂದ ಚಹಾ ನನ್ನ ಪಾಲಿಗೆ ಬಂತು. ಆಕೆಯ ಮೇಲೆ ನನಗೆ ಸ್ವಲ್ಪ ಸಿಟ್ಟೂ ಇತ್ತು, ಭಾಳ ಹೆಮ್ಮೆಯೂ ಇತ್ತು.

ಪೂಜೆಗೆ ಚೆಂಡುಹೂವು ತಂದವಳೂ ಆಕೆಯೇ. ಹೂವು ಕೊಟ್ಟು, ಚುರುಮುರಿ ತರಲು ಪೇಟೆಗೆ ಹೋಗಿದ್ದಳು. ತಿರುಗಿ ಬರುವಷ್ಟರಲ್ಲಿ ದೀಪದ ಸರ ಮಿನುಗುತ್ತಿತ್ತು, ಸರ್ವರ್ ಸತ್ತು ಬಿದ್ದಿತ್ತು. ಅಷ್ಟರಲ್ಲಿ ಕರೆಂಟು ಬಂದಿದ್ದರಿಂದ ದೀಪದ ಸರವನ್ನು ಗೋಡೆಗೆ ಚುಚ್ಚಿ, ಪ್ಲಗ್ಗನ್ನು ಮತ್ತೆ ಮೊದಲಿನ ಜಾಗಕ್ಕೆ ಹಾಕಿದ್ದೆವು. ಸಾಹೇಬರು ಕುಂಕುಮದ ಕೈಯಲ್ಲೇ ನಾಲ್ಕು ಸಲ ಬಟನ್ ಒತ್ತಿದ್ದರು. ಯಂತ್ರ ಏಳುತ್ತಿತ್ತು, ಆದರೆ ಒಳಗಿನ ಡೇಟಾಬೇಸ್ ಏಳುತ್ತಿರಲಿಲ್ಲ. ಮುಬಾಶಿರಾ ಪರದೆ ನೋಡಿದಳು, ಚೀಟಿ ಸುಕ್ಕಾಗಿದ್ದ ಪ್ಲಗ್ಗನ್ನೂ ನೋಡಿದಳು, ಚುರುಮುರಿಯ ಚೀಲ ಕೆಳಗಿಟ್ಟಳು.

"ಇನ್ನ ಯಾರೂ ಮುಟ್ಟಬ್ಯಾಡ್ರಿ. ಎಬ್ಬಿಸಿದಷ್ಟೂ ಕೆಡತೈತಿ" ಎಂದಳು.

ಆ ಡೇಟಾಬೇಸಿನಲ್ಲಿ ಇದ್ದದ್ದು ಈ ಹಂಗಾಮಿನ ನಾನೂರ ಹನ್ನೆರಡು ಲಾಟು, ಒಂದೊಂದು ಹೊಲದ ಬೀಜಕ್ಕೆ ಒಂದೊಂದು. ಬೇವೂರಿನ ಪಾರ್ವತೆಮ್ಮನ ಹೊಲದ ಬೆಂಡೆ ಬೀಜ ಯಾವುದು, ತಾವರಗೇರಾದ ಯಾರ ಹೊಲದ ಹೀರೆ ಬೀಜ ಯಾವುದು, ಯಾವ ಬೀಜಕ್ಕೆ ಯಾವ ಗಂಡುಗಿಡ, ಎಲ್ಲ ಅದರೊಳಗೆ. ನನ್ನ ಗೋದಾಮಿನ ಚೀಲಗಳ ಮೇಲೆ ಬರೀ ನಂಬರು. ಯಂತ್ರ ಏಳದಿದ್ದರೆ ಆ ಚೀಲಗಳಿಗೆ ಹೇಳುವವರು ಕೇಳುವವರು ಇಲ್ಲ. ಡೇಟಾದ ನಕಲು ಇಡಲು ಇನ್ನೊಂದು ಡಿಸ್ಕ್ ಕೊಡಿಸಿ ಎಂದು ಮುಬಾಶಿರಾ ಎರಡು ಸಲ ಬರೆದುಕೊಟ್ಟಿದ್ದಳು. ಎರಡು ಸಲವೂ ಸಾಹೇಬರು ಮುಂದಿನ ತಿಂಗಳು ನೋಡೋಣ ಎಂದಿದ್ದರು.

ಸಾಹೇಬರು ಹುಬ್ಬಳ್ಳಿಯ ಇಂಜಿನಿಯರ್‌ಗೆ ಫೋನ್ ಹಚ್ಚಿದರು. ಆತ ಆ ಕಡೆಯಿಂದಲೇ, ಹಳೆಯದನ್ನು ಅಳಿಸಿ ಹೊಸದಾಗಿ ಶುರು ಮಾಡಿ, ಅರ್ಧ ತಾಸಿನ ಕೆಲಸ ಎಂದ. ಸಾಹೇಬರ ಮುಖಕ್ಕೆ ಕಳೆ ಬಂತು.

"ಅಷ್ಟ ಅಲ್ಲೇನ? ಅಳಿಸಿ ಬಿಡು. ಚೀಲ ಎಲ್ಲಾ ಕೂಡಿಸಿ ಒಂದ ಲಾಟ್ ಮಾಡೋಣ."

"ಒಂದ ಲಾಟ್ ಮಾಡಿದ್ರ, ಒಬ್ಬರ ಬೀಜ ಕಲಬೆರಕಿ ಇದ್ರ ಎಲ್ಲಾರದೂ ವಾಪಸ್ ಹೋಗತೈತ್ರಿ ಸರ್."

"ಹೋದ್ರ ಹೋಗಲಿ. ನಿನ್ನ ಗಂಟೇನು ಹೋಗತೈತಿ?"

"ಇದರಾಗ ಒಂದ ಲಾಟಿನ ಒಂದ ಸಾಲು ಅಂದ್ರ ಒಬ್ಬಾಕಿ ಮೂರು ತಿಂಗಳು ಮುಂಜಾನಿ ಸಂಜೀಕ ನಡಾ ಬಗ್ಗಿಸಿದ್ದು. ನಮ್ಮವ್ವ ಬಗ್ಗಿಸ್ಯಾಳ, ನಾ ನೋಡೇನಿ. ಅಳಿಸೂದಿಲ್ರಿ."

ಇಲ್ಲ ಎಂಬ ಮಾತನ್ನು ಆ ಕೋಣೆಯಲ್ಲಿ ಯಾರೂ ಸಾಹೇಬರಿಗೆ ಆಡಿರಲಿಲ್ಲ. ಅವರು ಹೊರಗೆ ಹೋಗಿ ಅರ್ಧ ತಾಸಿಗೆ ಒಂದು ಪತ್ರ ಟೈಪ್ ಮಾಡಿಸಿಕೊಂಡು ಬಂದರು. 'ಆಪರೇಟರ್ ಮುಬಾಶಿರಾ ಇವರು ಕೆಲಸದ ವೇಳೆ ಜಾಗ ಬಿಟ್ಟು ಹೋಗಿದ್ದರಿಂದ, ಇವರ ನಿರ್ಲಕ್ಷ್ಯದಿಂದ ಸರ್ವರ್ ಕೆಟ್ಟಿರುತ್ತದೆ' ಎಂದು. ಕೆಳಗೆ ಆಕೆಯ ಸಹಿಗೆ ಜಾಗ. ನಾಡಿದ್ದು ಹೆಡ್ ಆಫೀಸಿನ ಸುರೇಖಾ ಮೇಡಂ ಬರುವವರಿದ್ದರು. ಅಷ್ಟರೊಳಗೆ ಯಾರದಾದರೂ ಕುತ್ತಿಗೆ ಬೇಕಿತ್ತು.

ಮುಬಾಶಿರಾ ಓದಿದಳು. "ಓದಿದೆ ಸರ್. ಸಹಿ ಹಾಕೂದಿಲ್ಲ."

"ಹಾಕದಿದ್ರ ನಾಳಿಂದ ಬರಬ್ಯಾಡ."

"ನಾಳೆ ಬರ್ತೀನ್ರಿ" ಎಂದವಳೇ ಸರ್ವರ್ ಬಂದ್ ಮಾಡಿ, ಕೋಣೆಗೆ ಕೀಲಿ ಜಡಿದು, ಕೀಲಿಕೈಯನ್ನು ಪರ್ಸಿಗೆ ಹಾಕಿಕೊಂಡು ಮೂರರ ಬಸ್ಸಿಗೆ ನಡೆದಳು.

ಇಷ್ಟೆಲ್ಲ ನಡೆಯುವಾಗ ನಾನು ಅಲ್ಲೇ ಇದ್ದೆ, ಕೈಯಲ್ಲಿ ಒಡೆದ ಕುಂಬಳಕಾಯಿಯ ಹೋಳು ಹಿಡಿದುಕೊಂಡು. ಕೊನೆಗೆ ಆ ಹೋಳು ಬಾಗಿಲ ಮುಂದೆ ಇಡುವ ನೆಪದಲ್ಲಿ ಹೊರಗೆ ಜಾರಿದೆ. ನಿವೃತ್ತಿಗೆ ಎರಡು ವರ್ಷ ಉಳಿದವನ ಹೇಡಿತನಕ್ಕೆ ಬೇರೆ ಹೆಸರಿಲ್ಲ.

ಮರುದಿನ ದಸರೆಯ ಬನ್ನಿ ಹಬ್ಬ, ಆಫೀಸಿಗೆ ರಜೆ. ಹತ್ತು ಗಂಟೆಗೆ ಮುಬಾಶಿರಾಳ ಗಂಡ ಮಾಜೀದ ತನ್ನ ಟೆಂಪೊದಲ್ಲಿ ಆಕೆಯನ್ನು ಗೇಟಿಗೆ ತಂದು ಇಳಿಸಿದ. ಗೋದಾಮಿನ ಕಾವಲಿಗೆ ಇದ್ದ ನಾನು ಗೇಟು ತೆಗೆದೆ. ತೆಗೆಯಬಾರದೆಂದು ಸಾಹೇಬರ ಅಪ್ಪಣೆ ಇತ್ತು. ಅಷ್ಟು ಮಾತ್ರ ಮೀರಿದೆ.

ಆಕೆ ಮನೆಯಿಂದ ಒಂದು ಡಿಸ್ಕ್ ತಂದಿದ್ದಳು. ಅದರಲ್ಲಿ ಆಕೆಯ ಮದುವೆಯ ವಿಡಿಯೊ ಇತ್ತಂತೆ. ಜಾಗ ಸಾಲದೆ ನನ್ನ ಕಣ್ಣೆದುರೇ ಅದನ್ನು ಅಳಿಸಿದಳು.

"ಮಾಜೀದ ಏನಂದಾನವ್ವಾ?" ಎಂದೆ.

"ಮದಿವಿ ಆಗೇತಲ್ರಿ ಕಾಕಾ. ವಿಡಿಯೊ ಇದ್ರೇನು, ಇರದಿದ್ರೇನು?"

ಮೊದಲು ಸರ್ವರಿನ ಡೇಟಾವನ್ನೆಲ್ಲ ಇದ್ದದ್ದು ಇದ್ದಂತೆ ಆ ಡಿಸ್ಕಿಗೆ ನಕಲು ಮಾಡಿದಳು. ಎರಡು ತಾಸು ಹಿಡಿಯಿತು. ಆಮೇಲೆ ಆ ನಕಲನ್ನು ಬೇರೆ ಕಂಪ್ಯೂಟರಿಗೆ ಹಾಕಿ, ಮಾಡುವುದನ್ನೆಲ್ಲ ಅದರ ಮೇಲೆ ಮಾಡಿದಳು. ಮೂಲವನ್ನು ಮುಟ್ಟಲಿಲ್ಲ. ಕೆಟ್ಟದ್ದನ್ನು ದಾಟಿಕೊಂಡು ಡೇಟಾಬೇಸನ್ನು ಎಬ್ಬಿಸುವ ಒಂದು ಸೆಟ್ಟಿಂಗ್ ಇರುತ್ತದಂತೆ, ಒಂದರಿಂದ ಆರರ ತನಕ. ನಂಬರು ದೊಡ್ಡದಾದಷ್ಟೂ ಡೇಟಾಕ್ಕೆ ಗಂಡಾಂತರ ಹೆಚ್ಚು. ಒಂದು ಹಾಕಿದಳು, ಏಳಲಿಲ್ಲ. ಎರಡು ಹಾಕಿದಳು, ಎದ್ದ ಹಾಗೆ ಮಾಡಿ ಬಿತ್ತು. ಮೂರಕ್ಕೆ ಎದ್ದು ನಿಂತಿತು. ನಾನು ಚಪ್ಪಾಳೆ ತಟ್ಟಲು ಹೋದೆ, ಆಕೆ ಕಣ್ಣಲ್ಲೇ ಗದರಿಸಿದಳು. ಎದ್ದದ್ದು ನಿಲ್ಲುತ್ತದೆಂಬ ಭರವಸೆ ಇರಲಿಲ್ಲ. ಐವತ್ತು ಐವತ್ತು ಸಾಲಿನಂತೆ ಹೊರಗೆ ತೆಗೆದು ಉಳಿಸಿಕೊಳ್ಳುತ್ತಾ ಹೋದಳು. ನಾನೂರ ಐದರ ಹತ್ತಿರ ಮತ್ತೆ ಬಿತ್ತು. ಕೊನೆಯ ಏಳು ಸಾಲು ಇದ್ದ ಜಾಗವೇ ಕೆಟ್ಟಿತ್ತು.

ಆ ಏಳು ನನ್ನ ಹತ್ತಿರ ಸಿಕ್ಕವು. ಚೀಲ ಒಳಗೆ ಬರುವಾಗ ಹೊಲದಿಂದ ಬರುವ ಚೀಟಿಯನ್ನು ನಾನು ಗೋದಾಮಿನ ತಂತಿಗೆ ಚುಚ್ಚಿಡುತ್ತೇನೆ. ಕಂಪ್ಯೂಟರಿಗೆ ಏರಿಸಿದ ಮೇಲೆ ವಾರಕ್ಕೊಮ್ಮೆ ಸುಟ್ಟುಬಿಡುತ್ತೇವೆ, ಹಳೆಯವೆಲ್ಲ ಬೂದಿ. ಆದರೆ ಆ ವಾರದವು ತಂತಿಯಲ್ಲೇ ಇದ್ದವು. ಚೀಟಿ ನೋಡಿ ಆಕೆ ಏಳನ್ನೂ ಕೈಯಾರೆ ಸೇರಿಸಿದಳು. ಸರ್ವರಿನಲ್ಲಿ ಹೊಸ ಡೇಟಾಬೇಸ್ ಕಟ್ಟಿ, ಎಲ್ಲವನ್ನೂ ಅದಕ್ಕೆ ತುಂಬಿ, ನನ್ನನ್ನು ಗೋದಾಮಿಗೆ ಅಟ್ಟಿ ಚೀಲದ ನಂಬರು ಕೂಗಿಸಿ ತಾಳೆ ನೋಡಿದಳು. ನಾಲ್ಕು ಗಂಟೆಗೆ ನಾನೂರ ಹನ್ನೆರಡೂ ಸರಿಹೋದವು.

ನಾನು ಅಂಗಿಯ ಕಿಸೆಯಿಂದ ಬನ್ನಿ ಎಲೆ ತೆಗೆದು ಆಕೆಗೆ ಕೊಟ್ಟೆ. "ಬನ್ನಿ ತಗೊಂಡು ಬಂಗಾರದಂಗ ಇರೋಣವ್ವಾ" ಎಂದೆ. ಹಳೆಯ ಜಗಳವನ್ನೆಲ್ಲ ಮರೆಯುವ ದಿನ ಅದು. ಆಕೆ ಎರಡೂ ಕೈಯಲ್ಲಿ ತೆಗೆದುಕೊಂಡಳು. ಆಮೇಲೆ ಕೇಳಿದಳು, "ಪ್ಲಗ್ ಕಿತ್ತವರು ಯಾರಂತ ಗೊತ್ತೈತೇನ್ರಿ ಕಾಕಾ?"

"ಗೊತ್ತಿಲ್ಲವ್ವಾ" ಎಂದೆ. ಕೈಯಲ್ಲಿ ಬನ್ನಿ ಕೊಟ್ಟು ಬಾಯಲ್ಲಿ ಸುಳ್ಳು ಹೇಳಿದೆ. ಆಕೆ ಬನ್ನಿ ಎಲೆಯನ್ನು ಪರ್ಸಿಗೆ ಹಾಕಿಕೊಂಡಳು. ಬೈದಿದ್ದರೆ ಆವತ್ತು ನನಗೆ ಊಟ ಸೇರುತ್ತಿತ್ತು.

ಮರುದಿನ ಸುರೇಖಾ ಮೇಡಂ ಬಂದರು. ಲಾಟು ಒಂದೊಂದನ್ನೇ ತೆಗೆಸಿ ನೋಡಿದರು, ತಲೆಯಾಡಿಸಿದರು. ಪ್ರಭುರಾಜ ಸಾಹೇಬರು ಎದೆ ಉಬ್ಬಿಸಿ, "ದೇವರ ದಯಾ ಮೇಡಂ, ಎಲ್ಲಾ ಬಂತು. ಹುಡುಗಿ ತಪ್ಪು ಮಾಡಿದ್ಲು, ತಾನ ಸರಿ ಮಾಡ್ಯಾಳ. ಇನ್ನ ಈ ಪತ್ರ ಯಾಕ, ಹರದ ಒಗೀತೀನಿ" ಎಂದು ಡ್ರಾವರಿನಿಂದ ಅದನ್ನು ತೆಗೆದರು.

"ಹರೀಬ್ಯಾಡ್ರಿ" ಎಂದಳು ಮುಬಾಶಿರಾ.

ಸಾಹೇಬರು ನಕ್ಕರು. "ಮಾಫ್ ಮಾಡೇನಲ್ಲ, ಮತ್ತೇನ್ ಬೇಕು?"

"ಅದ ಬ್ಯಾಡ್ರಿ ಸರ್. ನೀವು ಹರದ್ರ, ನಾ ತಪ್ಪು ಮಾಡಿದ್ದು, ನೀವು ಮಾಫ್ ಮಾಡಿದ್ದು ಆಗತೈತಿ. ನಾ ತಪ್ಪ ಮಾಡಿಲ್ಲ. ನನಗ ಮಾಫಿ ಬ್ಯಾಡ." ಆಕೆ ಪರದೆಯನ್ನು ಮೇಡಂ ಕಡೆ ತಿರುಗಿಸಿದಳು. "ಸಾಯೂ ಮುಂದ ಮಶೀನು ಬರದಿಟ್ಟೈತಿ ನೋಡ್ರಿ. ಪೂಜಾ ದಿನ ಹನ್ನೊಂದು ನಲವತ್ತೆರಡು. ಆ ಹೊತ್ತಿನ್ಯಾಗ ನಾ ಪೇಟ್ಯಾಗ ಚುರುಮುರಿ ತಗೊಳ್ಳಾಕತ್ತಿದ್ದೆ. ಇಲ್ಲಿ ಯಾರಿದ್ರು ಅವರು ಬರೀಲಿ, ಆಮ್ಯಾಲ ಪತ್ರ ಫೈಲಿಗೆ ಹಚ್ಚರಿ."

ಪತ್ರವನ್ನು ಸಾಹೇಬರ ಕೈಯಿಂದ ತೆಗೆದು ಮೇಜಿನ ಮೇಲೆ ಹಾಸಿದಳು, ಪೆನ್ನು ಅದರ ಮೇಲಿಟ್ಟಳು. ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡಲೂ ಇಲ್ಲ. ಸಾಹೇಬರು ನೋಡಿದರು, ಕಣ್ಣಲ್ಲೇ ಹೆದರಿಸುತ್ತಾ.

ಚಹಾದ ತಟ್ಟೆ ಕೆಳಗಿಟ್ಟು ನಾನು ಪೆನ್ನು ಎತ್ತಿಕೊಂಡೆ. ಆಕೆಯ ಸಹಿಗೆಂದು ಬಿಟ್ಟಿದ್ದ ಜಾಗದಲ್ಲೇ ಬರೆದೆ: 'ಮ್ಯಾನೇಜರ್ ಹೇಳಿದರು, ನಾನು ಪ್ಲಗ್ ಕಿತ್ತೆ. ಚೀಟಿ ಓದಿಯೇ ಕಿತ್ತೆ.' ಕೆಳಗೆ ಪೂರ್ತಿ ಹೆಸರು ಹಾಕಿದೆ. ಒಂದು ಅಕ್ಷರವೂ ಸೊಟ್ಟಗಾಗಲು ಬಿಡಲಿಲ್ಲ.

ಮುಬಾಶಿರಾ ಬಗ್ಗಿ ಓದಿದಳು.

"ಟೈಮೂ ಬರೀರಿ ಕಾಕಾ" ಎಂದಳು.